ಬಿದ್ದ ಮನಿಗೆ ಸರಕಾರ, ನಿಂತ ಮನಿಗೆ ಯಾರು?

ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಕಿಡಕಿ ಬಾಜೂಕಿನ ಸೀಟು ಸಿಕ್ಕವರು ಪುಣ್ಯವಂತರು. ಟಿಕೀಟು ತಗೊಂಡ ಮೇಲೆ ಒಂದಿಷ್ಟು ಹೊರಗೆ ನೋಡಬೇಕು. ಕಬ್ಬಿನ ಹೊಲ ಮುಗಿದು ಊರು ಸುರುವಾಗುವ ಜಾಗದಲ್ಲಿ ಮೂರು ನಮೂನೆಯ ಮನೆಗಳು ಕಾಣುತ್ತವೆ. ಹೊಸದಾಗಿ ಬಣ್ಣ ಬಳಿದ ಸ್ಲ್ಯಾಬಿನ ಮನೆ ಒಂದು. ನಾಲ್ಕು ಕಂಬ ಎಬ್ಬಿಸಿ, ಕಬ್ಬಿಣದ ಸಳಿಗಳನ್ನು ಆಕಾಶಕ್ಕೆ ಬಿಟ್ಟು, ರೊಕ್ಕ ತೀರಿ ನಿಂತುಹೋದ ಮನೆ ಇನ್ನೊಂದು. ಸಳಿಗೆ ತುಕ್ಕು ಹಿಡಿದಿರುತ್ತದೆ, ಅದರ ಮೇಲೊಂದು ಕಾಗಿ ಕೂತಿರುತ್ತದೆ. ಇವೆರಡರ ನಡುವೆ ತಗ್ಗಿ ಕೂತದ್ದು ಅಜ್ಜನ ಕಾಲದ ಮ್ಯಾಳಿಗಿ ಮನೆ. ಕಲ್ಲು-ಮಣ್ಣಿನ ಗೋಡೆ, ಬೇವಿನ ತೊಲಿ, ಮೇಲೆ ಮಣ್ಣು. ಗೋಡೆ ಒಂದು ಕಡೆ ಹೊಟ್ಟಿ ಬಿಟ್ಟಿದೆ, ಅದಕ್ಕೊಂದು ಕಟ್ಟಿಗೆಯ ಆಸರ ಕೊಟ್ಟಿದ್ದಾರೆ.

ಈ ಮೂರನೇ ಮನೆಯದೇ ವಿಚಾರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನ ಹಳೇ ಓಣಿಗೆ ಹೋದರೂ ಇಂಥ ಮನೆ ಸಿಗುತ್ತವೆ. ಸಾಲಿ ಸೂಟಿ ಬಿಟ್ಟು, ಹೆಣ್ಣುಮಕ್ಕಳು ತವರಿಗೆ ಬಂದು, ಪರಊರಿನ ತಮ್ಮಂದಿರು ಜಾತ್ರಿಗೆ ಇಳಿದಾಗ ಪ್ರತಿ ಬ್ಯಾಸಿಗಿಗೂ ಪಡಸಾಲಿಯಲ್ಲಿ ಅದೇ ಮಾತು ಏಳುತ್ತದೆ. "ಈ ವರ್ಷ ಕೆಡವಿ ಸ್ಲ್ಯಾಬ್ ಹಾಕೇ ಬಿಡೂಣು." "ರೊಕ್ಕ ಎಲ್ಲೈತಿ?" "ಹಂಗಾರ ಮುಂದಿನ ವರ್ಷ ನೋಡೂಣು." ಚಹಾ ಕುಡಿದು ಎಲ್ಲರೂ ಏಳುತ್ತಾರೆ. ಹೀಗೆ ಹತ್ತು ವರ್ಷ ಕಳೆಯುತ್ತದೆ. ಬರಲಿರುವ ಸ್ಲ್ಯಾಬಿನ ಹೆಸರಿನಲ್ಲಿ ಇದ್ದ ಮಾಳಿಗೆಗೆ ಒಂದು ಬುಟ್ಟಿ ಮಣ್ಣು ಹಾಕಿರುವುದಿಲ್ಲ. ಸ್ಲ್ಯಾಬ್ ಬರುವುದಿಲ್ಲ, ಮಾಳಿಗೆ ಉಳಿಯುವುದಿಲ್ಲ. ಒಂದು ದಿನ ಹಸ್ತಾ ಮಳೆಯಲ್ಲಿ ನಡುರಾತ್ರಿ ದಡ್ ಅಂತ ಸಪ್ಪಳ.

ಆಮೇಲೆ ಸರಕಾರ ಬರುತ್ತದೆ. ತಲಾಠಿ ಬರುತ್ತಾನೆ, ಇಂಜಿನಿಯರ್ ಬರುತ್ತಾನೆ, ಫೋಟೋ ಹೊಡೆಯುತ್ತಾರೆ. ಬಿದ್ದ ಮನೆಗೆ ಸರಕಾರದ ಪುಸ್ತಕದಲ್ಲಿ ಒಂದು ಕಾಲಂ ಇದೆ. ನಿಂತ ಮನೆಗೆ ಇಲ್ಲ.

ಇದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಏಕಕಾಲಕ್ಕೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ನದೀದಂಡೆಯ ಹಳ್ಳಿಗಳಿಗೆ ನುಗ್ಗಿದವು. ಆಗ ರಾಜ್ಯ ಸರಕಾರ ಪೂರಾ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸಾರಿತು, ಕಂತು ಕಂತಾಗಿ ಕೊಟ್ಟಿತು. ಕೈ ಎತ್ತಿ ಕೊಟ್ಟದ್ದು ನಿಜ, ಇಲ್ಲ ಅನ್ನಬಾರದು. ಇನ್ನು ಕೇಂದ್ರದ ವಿಪತ್ತು ಪರಿಹಾರ ನಿಯಮ ನೋಡಿರಿ. 2022ರಿಂದ 2026ರವರೆಗಿನ ಅವಧಿಗೆ ಮಾಡಿದ ದರಪಟ್ಟಿಯಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1 ಲಕ್ಷ 20 ಸಾವಿರ. ಸ್ವಲ್ಪ ಹಾಳಾದ ಪಕ್ಕಾ ಮನೆಗೆ 6,500. ಕಚ್ಚಾ ಮನೆಗೆ 4,000, ಅದೂ ಶೇಕಡಾ 15ರಷ್ಟಾದರೂ ಹಾಳಾಗಿದ್ದರೆ. ಅರ್ಧ ಗೋಡೆ ಬಿದ್ದರೆ ನಾಲ್ಕು ಸಾವಿರ, ಪೂರಾ ಮನೆ ಕೂತರೆ ಲಕ್ಷದ ಮೇಲೆ. ಈ ಪಟ್ಟಿ ಓದಿದ ಬಡವ ಉಳಿದರ್ಧ ಗೋಡೆಗೆ ರಾತ್ರಿ ತಾನೇ ಹಾರಿ ಹಾಕಿದರೆ ಅವನಿಗೆ ಲುಚ್ಚಾ ಅನ್ನಬೇಕೋ ಶಾಣ್ಯಾ ಅನ್ನಬೇಕೋ?

ಪ್ರಧಾನಮಂತ್ರಿ ಹೆಸರಿನ ಗ್ರಾಮೀಣ ವಸತಿ ಯೋಜನೆ 2016ರಿಂದ ನಡೆದದ್ದು. ಅದರಲ್ಲಿಯೂ ಬಯಲುಸೀಮೆಗೆ ಅದೇ 1 ಲಕ್ಷ 20 ಸಾವಿರ, ಅದು ಹೊಸ ಮನೆ ಕಟ್ಟುವವರಿಗೆ. "ಸಾಹೇಬ್ರ, ನನಗ ಹೊಸ ಮನಿ ಬ್ಯಾಡ, ಇದ್ದ ಮನಿ ತೊಲಿ ಎರಡು ಬದಲ ಮಾಡಬೇಕು, ನಲವತ್ತು ಸಾವಿರ ಸಾಕು" ಅಂದರೆ ಅದರಲ್ಲಿ ಕೊಡಲು ಬರುವುದಿಲ್ಲ. ಮುನಸಿಪಾಲಿಟಿಗೆ ವಾಲಿದ ಗೋಡೆಯ ಮಾಲೀಕನಿಗೆ ನೋಟೀಸು ಕೊಡುವ ಅಧಿಕಾರ ಇದೆ. ನೋಟೀಸಿನ ಹಾಳೆಯಿಂದ ಸಂದಿ ಮುಚ್ಚಲು ಬರುವುದಿಲ್ಲ.

ಹೀಗಿರುವಾಗ ನಿಂತ ಮನೆಯ ದುರಸ್ತಿಗೆ ಉಳಿದ ಬ್ಯಾಂಕು ಯಾವುದು? ಮನೆಮಂದಿಯೇ. ಅಣ್ಣ, ತಮ್ಮ, ಅಕ್ಕ, ಭಾವ, ಸೋದರಮಾವ. ಅವರ ರಟ್ಟೆ, ಅವರ ಸೂಟಿ, ಅವರ ಹೆಂಡಂದಿರ ಕೊರಳೊಳಗಿನ ಬಂಗಾರ. ಈ ಬ್ಯಾಂಕಿನ ವ್ಯವಹಾರ ಹೇಗೆ ನಡೆಯಬೇಕು ಅನ್ನುವುದೇ ಮುಖ್ಯ ಪ್ರಶ್ನೆ. ಅದಕ್ಕೆ ಬರುವ ಮೊದಲು ಮಾಳಿಗೆ ಹತ್ತಿ ನೋಡುವುದು ಚಲೋ, ಯಾಕಂದರೆ ಅಲ್ಲಿ ಏನು ಕೂತಿದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

ಮಣ್ಣಿನ ಮಾಳಿಗೆಯ ಪದ್ಧತಿ ಎಲ್ಲರಿಗೂ ಗೊತ್ತು. ಕಂಬದ ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಜಂತಿಯ ಮೇಲೆ ಚಿಲಿಕಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೊಂದು ಪದರು ಸವಳು ಮಣ್ಣು ಹಾಸುತ್ತಾರೆ. ನೀರು ಬಿದ್ದರೆ ಅದು ಹಿಟ್ಟಿನಂತೆ ಬಿಡಿಬಿಡಿಯಾಗಿ ಸಣ್ಣ ಸಂದಿಗಳನ್ನೆಲ್ಲ ಮುಚ್ಚುತ್ತದೆ, ಹುಲ್ಲೂ ಸರಳ ಹುಟ್ಟುವುದಿಲ್ಲ. ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಹೊಲ ಸವಳಾಯಿತೆಂದು ಘಟಪ್ರಭೆ, ಕೃಷ್ಣೆಯ ದಂಡೆಯ ರೈತ ತಲೆ ಬಡಿದುಕೊಳ್ಳುತ್ತಾನೆ. ಹೊಲದಲ್ಲಿ ಶಾಪವಾದ ಮಣ್ಣು ಮಾಳಿಗೆಗೆ ಮದ್ದು. ಹಿರಿಯರು ಇದನ್ನು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ.

ಹಿರಿಯರ ಲೆಕ್ಕ ತಪ್ಪಿದ್ದು ಒಂದೇ ಕಡೆ. ಪ್ರತಿ ವರ್ಷ ಹೊಸ ಮಣ್ಣು ಹಾಕಿದರು, ಹಳೇದನ್ನು ತೆಗೆಯಲಿಲ್ಲ. ಒಂಬತ್ತು ಇಂಚು ಇದ್ದದ್ದು ಒಂದು ಫೂಟಾಯಿತು, ಒಂದೂವರೆ ಫೂಟಾಯಿತು. ಹತ್ತು ಫೂಟು ಅಗಲ, ಹನ್ನೆರಡು ಫೂಟು ಉದ್ದದ ಒಂದು ಕೋಣಿ ಹಿಡಿಯಿರಿ. ಮೇಲೆ ಒಂದೂವರೆ ಫೂಟು ಮಣ್ಣು. ಒಟ್ಟು 180 ಘನ ಫೂಟು. ಒಣ ಮಣ್ಣು ಘನ ಫೂಟಿಗೆ ಸುಮಾರು 45 ಕಿಲೋ ತೂಗುತ್ತದೆ. ಗುಣಿಸಿದರೆ 8,100 ಕಿಲೋ. ಸಿಮೆಂಟ್ ಅಂಗಡಿಯವರ ಭಾಷೆಯಲ್ಲಿ ಹೇಳಬೇಕೆಂದರೆ 162 ಚೀಲ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಇಷ್ಟನ್ನು ತಲೆಯ ಮೇಲಿಟ್ಟುಕೊಂಡು ಕೆಳಗೆ ಮುದುಕಿ ಕೌದಿ ಹೊದ್ದು ಮಲಗಿದ್ದಾಳೆ. ತೊಲಿಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಒರಲಿ ಹತ್ತಿದೆ, ಅದು ಹೊರಗೆ ಕಾಣುವುದಿಲ್ಲ.

ಆದ್ದರಿಂದ ಹಳೇ ಮನೆ ರಿಪೇರಿ ಅಂದರೆ ಮೊದಲ ಕೆಲಸ ಏನನ್ನೂ ಕೊಳ್ಳುವುದಲ್ಲ, ತೆಗೆಯುವುದು. ತೊಲಿಯ ಕೆಳಗೆ ಗಟ್ಟಿ ಟೇಕಿ ಕೊಟ್ಟು, ಕೋಣಿಯೊಳಗಿನ ಮಂದಿ ಮಕ್ಕಳನ್ನು ಹೊರಗೆ ಕಳಿಸಿ, ಮೇಲಿನ ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ಇಳಿಸಬೇಕು. ಒಂದೇ ಬದಿಯಿಂದ ತೆಗೆದರೆ ಭಾರ ಒಂದು ಕಡೆ ಜಾರಿ ಮಾಳಿಗೆ ಮಗುಚುವ ಧಾಸ್ತಿ ಇದೆ. ಎಂಟು ಇಂಚಿನ ಮೇಲೆ ಮಣ್ಣು ಬೇಕಿಲ್ಲ. ಎಂಟು ಇಂಚಿಗೆ ಇಳಿಸಿದರೆ ಅದೇ ಕೋಣಿಯ ಭಾರ 3,600 ಕಿಲೋಕ್ಕೆ, ಅಂದರೆ 72 ಚೀಲಕ್ಕೆ ಬರುತ್ತದೆ. ತೊಂಬತ್ತು ಚೀಲ ತಲೆಯಿಂದ ಇಳಿಯಿತು. ಖರ್ಚು? ಬುಟ್ಟಿ, ಸಲಿಕೆ, ಮನೆಮಂದಿಯ ಬೆವರು. ಬುಟ್ಟಿಗೆ ಹದಿನೈದು ಕಿಲೋ ಹಿಡಿದರೂ ಮುನ್ನೂರು ಬುಟ್ಟಿ. ಐದು ಮಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ ಎರಡು ದಿನದ ಕೆಲಸ. ಖಾಲಿಯಾದ ಮೇಲೆ ಚಿಲಿಕಿಯ ಮೇಲೆ ದಪ್ಪನೆಯ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ನೀರು ಹರಿಯುವಂತೆ ಇಳಿಜಾರು ಕೊಟ್ಟು ಮಣ್ಣು ಬಡಿದರೆ ಮುಗಿಯಿತು. ದಬ್ಬಣ ತಗೊಂಡು ಎಲ್ಲಾ ತೊಲಿಗಳ ತುದಿ ಚುಚ್ಚಿ ನೋಡುವುದನ್ನು ಮರೆಯಬಾರದು. ದಬ್ಬಣ ಸಲೀಸಾಗಿ ಒಳಗೆ ಹೋಯಿತೆಂದರೆ ಆ ತೊಲಿಗೆ ರಜೆ ಕೊಟ್ಟು ಕಬ್ಬಿಣದ ಗರ್ಡರ್ ಏರಿಸುವುದೇ ಸೈ. ರೊಕ್ಕ ಖರ್ಚು ಮಾಡಬೇಕಾದ ಜಾಗ ಅದು. ಬಣ್ಣಕ್ಕಲ್ಲ.

ಭಾರದ ಮಾಳಿಗೆ ಏನು ಮಾಡುತ್ತದೆ ಅನ್ನುವುದನ್ನು ಈ ಭಾಗದ ಜನ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದೂರದಿಂದ ಕೇಳಿದರು. ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಅಲ್ಲಿನ ಮನೆಗಳೂ ನಮ್ಮವೇ ಜಾತಿಯವು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಗುಡ್ಡ. ಆ ಗೋಡೆಗಳು ಹೊರಗಿನ ಸಾಲು ಬೇರೆ, ಒಳಗಿನ ಸಾಲು ಬೇರೆ, ನಡುವೆ ಗರಸು ತುಂಬಿದಂಥವು. ಎರಡೂ ಸಾಲನ್ನು ಹಿಡಿದು ನಿಲ್ಲಿಸುವ ಉದ್ದನೆಯ ಕಲ್ಲು ಇಲ್ಲದಿದ್ದರೆ ಹೊರಸಾಲು ಮೊದಲು ಉಬ್ಬುತ್ತದೆ, ಆಮೇಲೆ ಕಳಚಿಕೊಳ್ಳುತ್ತದೆ. ಬಸ್ಸಿನಿಂದ ಕಾಣುವ ಹೊಟ್ಟಿ ಬಿಟ್ಟ ಗೋಡೆಯ ಕಾಯಿಲೆ ಇದೇ. ಕಿಲ್ಲಾರಿಯ ಆಮೇಲೆ ಇಂಜಿನಿಯರುಗಳು ಇಂಥ ಗೋಡೆಗೆ ಒಂದು ಉಪಾಯ ಮಾಡಿ ತೋರಿಸಿದರು. ಅಲ್ಲಲ್ಲಿ ಒಂದೊಂದು ಕಲ್ಲು ಬಿಡಿಸಿ, ಗೋಡೆಯ ಆಚೆಯಿಂದ ಈಚೆಗೆ ತೂತು ಮಾಡಿ, ಬಾಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟು ತುಂಬುವುದು. ಎರಡು ಸಾಲಿಗೂ ಗುಂಡಿ ಹಾಕಿದ ಹಾಗೆ. ನಿಂತುಹೋದ ಸ್ಲ್ಯಾಬಿನ ಮನೆಯ ಮೇಲೆ ಕಾಗೆ ಕೂಡುವ ಸಳಿ ಇದೆಯಲ್ಲ, ಅದರ ತುಂಡುಗಳೇ ಇದಕ್ಕೆ ಸಾಕು.

ಇನ್ನು ಸಿಮೆಂಟಿನ ಮೋಹ. ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿಯೇ ಸಿಮೆಂಟಿನ ಕಾರ್ಖಾನೆ ಇದೆ, ಕೈಗೆ ಸಿಗುವ ವಸ್ತು, ತಪ್ಪಲ್ಲ. ಆದರೆ ಮಣ್ಣಿನ ಗೋಡೆಗೆ ಸಿಮೆಂಟು ಗಿಲಾಯ ಮಾಡುವುದು ಹಣ್ಣಾದ ಮುದುಕನಿಗೆ ರಬ್ಬರಿನ ಅಂಗಿ ತೊಡಿಸಿದ ಹಾಗೆ. ಗೋಡೆ ನೆಲದಿಂದ ಹೀರಿದ ತಂಪು ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಕೂಡುತ್ತದೆ, ಮಣ್ಣು ಮೆತ್ತಗಾಗುತ್ತದೆ. ಎರಡು ಮೂರು ವರ್ಷಕ್ಕೆ ಗಿಲಾಯ ಹಾಳೆ ಹಾಳೆಯಾಗಿ ಬೀಳುತ್ತದೆ, ಬೀಳುವಾಗ ಗೋಡೆಯ ಚರ್ಮವನ್ನೂ ಕಿತ್ತುಕೊಂಡೇ ಬೀಳುತ್ತದೆ. ಅಂಗಡಿಯವರು ಸಿಟ್ಟಾಗಬಾರದು, ನೆಲಕ್ಕೆ, ಬಚ್ಚಲಕ್ಕೆ, ಗೋಡೆಯ ಬುಡದ ಗಟಾರಕ್ಕೆ ಸಿಮೆಂಟು ಬೇಕೇ ಬೇಕು. ಗೋಡೆಗೆ ಮಾತ್ರ ಸುಣ್ಣದ ಗಚ್ಚೇ ಸರಿ. ಚೆನ್ನಾಗಿ ಅರಳಿಸಿ ಕೊಳೆಹಾಕಿದ ಸುಣ್ಣ, ಉಸುಕು, ಕೈ ಪಳಗಿದ ಗೌಂಡಿ. ಈ ಮೂರರಲ್ಲಿ ಕೊನೆಯದೇ ಈಗ ಸಿಗುವುದು ಕಷ್ಟ. ಗಚ್ಚಿನ ಕೆಲಸ ಬಲ್ಲ ಮುದುಕರು ಎಲ್ಲ ಊರಲ್ಲೂ ಒಬ್ಬಿಬ್ಬರು ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರನ್ನು ಕೆಲಸಕ್ಕಲ್ಲ, ಕೂತು ಹೇಳುವುದಕ್ಕಾದರೂ ಕರೆಯಬೇಕು. ಚಹಾ, ಎಲಿ-ಅಡಿಕಿ ಖರ್ಚಷ್ಟೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಗೆ ಇನ್ನೊಂದು ಸಂಕಟ ಉಂಟು. ಅಲ್ಲಿ ಮನೆ ಅಂದರೆ ಮನೆಯಷ್ಟೇ ಅಲ್ಲ, ಕಾರ್ಖಾನೆಯೂ ಹೌದು. ಪಡಸಾಲಿಯಲ್ಲಿ ಕುಣಿ ಮಗ್ಗ, ಒಳಗೆ ಒಲಿ. ಮಾಳಿಗೆ ಸೋರುತ್ತದೆ ಅಂತ ಬೇಸತ್ತು ಮಣ್ಣು ಇಳಿಸಿ ಪತ್ರಾಸ್ ಹೊಚ್ಚುತ್ತಾರೆ. ಅಗ್ಗ, ಎರಡು ದಿನದ ಕೆಲಸ, ಸೋರುವುದಿಲ್ಲ. ಆದರೆ ಬ್ಯಾಸಿಗಿಯಲ್ಲಿ ಪತ್ರಾಸಿನ ಕೆಳಗೆ ಕೂತು ನೋಡಬೇಕು! ಮನುಷ್ಯ ಹೇಗೋ ತಡೆದುಕೊಂಡಾನು, ನೂಲು ತಡೆದುಕೊಳ್ಳುವುದಿಲ್ಲ. ಹತ್ತಿಯ ನೂಲಿಗೆ ತೇವ ಬೇಕು. ನೆಲದೊಳಗಿನ ಕುಣಿ, ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಆ ತೇವ ಹಿಡಿದಿಡುತ್ತಿದ್ದವು. ಪತ್ರಾಸ್ ಕೆಳಗೆ ಗಾಳಿ ಒಣಗಿ ಎಳೆ ಪಟಪಟ ಹರಿಯುತ್ತದೆ. ಹರಿದ ಎಳೆ ಹೂಡುತ್ತಾ ಕೂತರೆ ಸೀರೆ ಯಾವಾಗ ಇಳಿಯುವುದು? ಮಾಳಿಗೆಯಲ್ಲಿ ಉಳಿಸಿದ ರೊಕ್ಕ ಮಜೂರಿಯಲ್ಲಿ ಹೋಯಿತು. ಪತ್ರಾಸ್ ಹೊಚ್ಚಲೇಬೇಕಾಗಿ ಬಂದವರು ಕೆಳಗೆ ಬಿದಿರಿನ ತಟ್ಟಿಯ ಇನ್ನೊಂದು ಹೊದಿಕೆ ಮಾಡಿ, ನಡುವೆ ಗಾಳಿ ಆಡಲು ಒಂದು ಫೂಟು ಜಾಗ ಬಿಟ್ಟರೆ ಅರ್ಧ ಕಾವು ಕಡಿಮೆ. ಕಬ್ಬಿನ ಸೋಗಿ ಮೇಲೆ ಹೊಚ್ಚುವವರೂ ಇದ್ದಾರೆ. ತಂಪೇನೋ ತಂಪು. ಬೆಂಕಿಯ ಭಯವೂ ಅಷ್ಟೇ.

ಈಗ ಮನೆಮಂದಿಯ ಬ್ಯಾಂಕಿಗೆ ಬರೋಣ. ಒಂದು ಮೂರಂಕಣದ ಮನೆ ಹಿಡಿಯಿರಿ, ಯಾವ ಓಣಿಯದಾದರೂ ಆಗಲಿ. ಹಿರಿಯ ಮಗ ಊರಲ್ಲೇ ಮಗ್ಗ ನೇಯುತ್ತಾನೆ, ಮನೆಯಲ್ಲಿ ಇರುವವನು ಅವನೇ. ನಡುವಿನವ ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸಕ್ಕೆ ಇದ್ದಾನೆ. ಕಿರಿಯ ಬೆಂಗಳೂರು ಸೇರಿದ್ದಾನೆ. ತಂಗಿಯನ್ನು ಮುಧೋಳಕ್ಕೆ ಕೊಟ್ಟಿದೆ, ಆಕೆಯ ಗಂಡ ಗೌಂಡಿ ಕೆಲಸ ಬಲ್ಲವ. ಮಾಳಿಗೆ ರಿಪೇರಿ ಅಂತ ನಿಕ್ಕಿಯಾಯಿತು. ನಡುವಿನವ ಮೂವತ್ತು ಸಾವಿರ ಕಳಿಸಿದ. ಕಿರಿಯ "ಮುಂದಿನ ತಿಂಗಳ ಕಳಿಸ್ತೀನಿ" ಅಂದ. ಹಿರಿಯ ಮಗ್ಗ ನಿಲ್ಲಿಸಿ ಹೆಂಡತಿ ಮಕ್ಕಳ ಜೊತೆ ಹತ್ತು ದಿನ ಮಣ್ಣು ಹೊತ್ತ. ತಂಗಿ ಬಂದು ಎಲ್ಲರಿಗೂ ರೊಟ್ಟಿ ಬಡಿದಳು, ಬುಟ್ಟಿಯನ್ನೂ ಹೊತ್ತಳು. ಭಾವ ಹತ್ತು ದಿನ ಕೂಲಿ ಇಲ್ಲದೆ ಗೋಡೆಗೆ ಕೈ ಹಚ್ಚಿದ. ರೊಕ್ಕ ಸಾಲದೆ ಬಂದಾಗ ಹಿರಿಸೊಸೆ ಬೋರಮಾಳ ಒತ್ತಿ ಇಟ್ಟಳು. ಕೆಲಸ ಮುಗಿಯಿತು. ಹೋಳಿಗೆ ಊಟ ಆಯಿತು, ಎಲ್ಲರೂ ಕೂಡಿ ಫೋಟೋ ತೆಗೆಸಿಕೊಂಡರು.

ಐದು ವರ್ಷಕ್ಕೆ ಪಾಲಿನ ಮಾತು ಬಂತು. "ಮಾಳಿಗಿ ನನ್ನ ರೊಕ್ಕದಾಗ ನಿಂತೈತಿ" ಅಂತ ನಡುವಿನವ. "ಮಣ್ಣ ಹೊತ್ತಾಂವ ನಾನು, ಹತ್ತ ದಿನ ಮಗ್ಗ ಬಂದಿಟ್ಟಾಂವ ನಾನು" ಅಂತ ಹಿರಿಯ. ಕಿರಿಯ ಮೂವತ್ತು ಸಾವಿರದ ಮಾತು ಎತ್ತಿದರೆ ಮೊಬೈಲ್ ಬಂದ್ ಮಾಡುತ್ತಾನೆ. ಬೋರಮಾಳ ಬಿಡಿಸಲಾಗದೆ ಹರಾಜಿಗೆ ಹೋಗಿತ್ತು, ಅದು ಯಾರ ಲೆಕ್ಕದಲ್ಲೂ ಇಲ್ಲ. ಭಾವನ ಕೂಲಿಯ ಮಾತನ್ನು ಯಾರೂ ಆಡಲಿಲ್ಲ, ಅವನು ಈ ಕಡೆ ಬರುವುದನ್ನೇ ಬಿಟ್ಟ.

ಇಂಥ ಜಗಳ ಕೋರ್ಟಿನ ಕಟ್ಟೆಯ ಮೇಲೆ ದಿನಾ ಕೇಳುತ್ತದೆ. ಅಂಗಡಿಕಾರರಿಗೆ ಇದರ ಮದ್ದು ಹೇಳಿಕೊಡಬೇಕಾಗಿಲ್ಲ. ಉದ್ರಿ ಕೊಟ್ಟು ಕಿರ್ದಿಯಲ್ಲಿ ಬರೆಯದಿದ್ದರೆ ರೊಕ್ಕವೂ ಹೋಯಿತು, ಗಿರಾಕಿಯೂ ಹೋದ. ಅಣ್ಣತಮ್ಮರಲ್ಲಿ ಬರೆಯುವುದೆಂದರೆ ನಾಚಿಕೆ. "ನಮ್ಮ ನಮ್ಮೊಳಗ ಎಂಥಾ ಲೆಕ್ಕ!" ನಮ್ಮ ನಮ್ಮೊಳಗೇ ಲೆಕ್ಕ ಬೇಕು ಸ್ವಾಮಿ, ಹೊರಗಿನವನು ಹೇಗೂ ಬರೆದೇ ಇಟ್ಟಿರುತ್ತಾನೆ.

ಎರಡು ನೂರು ಪುಟದ ಒಂದು ನೋಟಬುಕ್ ಸಾಕು. ಯಾರು ಎಷ್ಟು ರೊಕ್ಕ ಕೊಟ್ಟರು ಅನ್ನುವುದು ಒಂದು ಕಡೆ, ಯಾರು ಎಷ್ಟು ದಿನ ದುಡಿದರು ಅನ್ನುವುದು ಇನ್ನೊಂದು ಕಡೆ. ದುಡಿಮೆಗೆ ಬೆಲೆ ಹೇಗೆ ಕಟ್ಟುವುದು ಅನ್ನುವವರಿಗೆ ಸರಕಾರದ್ದೇ ಒಂದು ಅಳತೆ ಇದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಐದು ಮಂದಿ ಹತ್ತು ದಿನ ದುಡಿದರೆ ಐವತ್ತು ಆಳು, 18,500 ರೂಪಾಯಿ. ಗೌಂಡಿಯ ಕೂಲಿ ಇದಕ್ಕಿಂತ ಹೆಚ್ಚು, ಅದನ್ನು ಊರಿನ ದರದಲ್ಲಿ ಬರೆಯಬೇಕು. ಹೀಗೆ ಬರೆದಾಗ ಗೊತ್ತಾಗುತ್ತದೆ, ಮೂವತ್ತು ಸಾವಿರ ಕಳಿಸಿದವನಷ್ಟೇ ಮನೆ ನಿಲ್ಲಿಸಲಿಲ್ಲ, ಮಣ್ಣು ಹೊತ್ತವರೂ ಹೆಚ್ಚುಕಡಿಮೆ ಅಷ್ಟೇ ಹಾಕಿದ್ದಾರೆ. ರೊಟ್ಟಿ ಬಡಿದದ್ದನ್ನೂ ಬರೆಯಬೇಕೇ ಅಂತ ನಗುವವರು ಒಂದು ದಿನ ಹತ್ತಾಳಿಗೆ ಖಾನಾವಳಿಯಿಂದ ಊಟ ತರಿಸಿ ನೋಡಲಿ. ಒತ್ತಿ ಇಟ್ಟ ಬಂಗಾರಕ್ಕಂತೂ ಪ್ರತ್ಯೇಕ ಪುಟವೇ ಬೇಕು. ಎಷ್ಟು ಗ್ರಾಂ, ಎಲ್ಲಿ, ಯಾವ ತಾರೀಖು, ಬಿಡಿಸುವವರು ಯಾರು, ಯಾವಾಗ. ಅದು ಆ ಹೆಣ್ಣುಮಗಳ ಸ್ವಂತ ಆಸ್ತಿ, ಮನೆತನದ್ದಲ್ಲ. ವಾರಕ್ಕೊಮ್ಮೆ ಎಲ್ಲರ ಸಹಿ, ಸಹಿ ಬಾರದವರ ಹೆಬ್ಬೆಟ್ಟು.

ನೋಟಬುಕ್ ತೆಗೆಯುವ ದಿನವೇ ತೆಗೆಯಬೇಕಾದ ಇನ್ನೊಂದು ಕಾಗದ ಉತಾರ. ಹಳೇ ಮನೆಗಳ ಉತಾರ ತೆಗೆಸಿ ನೋಡಿದರೆ ಎಷ್ಟೋ ಕಡೆ ಇನ್ನೂ ಅಜ್ಜನ ಹೆಸರೇ ಮಾಲೀಕನ ಜಾಗದಲ್ಲಿ ಕೂತಿದೆ. ಅಜ್ಜ ಸತ್ತು ಮೂವತ್ತು ವರ್ಷವಾಗಿರುತ್ತದೆ. ಸತ್ತವನ ಹೆಸರಿನ ಮನೆಯ ಮೇಲೆ ಸೊಸಾಯಿಟಿ ಸಾಲ ಕೊಡುವುದಿಲ್ಲ. ಹೊಳೆ ಬಂದು ಪರಿಹಾರ ಕೊಡುವ ಹೊತ್ತಿಗೂ ಯಾರ ಹೆಸರಿಗೆ ಹಾಕಬೇಕು ಅನ್ನುವ ತಕರಾರು ಏಳುತ್ತದೆ. ಹೆಸರು ಹಚ್ಚಿಸಲು ಹೋದರೆ ವಾರಸಾ ಬೇಕು, ಎಲ್ಲ ವಾರಸುದಾರರ ಸಹಿ ಬೇಕು. ಇಲ್ಲಿ ತಂಗಿ ಬರುತ್ತಾಳೆ. ಬಹಳ ಮನೆಗಳಲ್ಲಿ "ಆಕಿಗೇನೈತಿ, ಲಗ್ನದಾಗ ಕೊಟ್ಟೇವಲ್ಲ" ಅನ್ನುತ್ತಾರೆ. ಕಾಯದೆ ಹಾಗನ್ನುವುದಿಲ್ಲ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳನ್ನು ಮಗನಿಗೆ ಸಮ ಮಾಡಿತು. ತಂದೆ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಹಕ್ಕು ಉಂಟು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿ ಮುಗಿಸಿದೆ. ಕಾಯದೆ ಪ್ರಕಾರ ಮುಂಚೆಯೇ ಪಾಲಾಗಿ ಹೋದದ್ದರ ಮಾತು ಬೇರೆ. ಆದ್ದರಿಂದ ಬುಟ್ಟಿ ಹೊರಲು ತವರಿಗೆ ಬಂದ ತಂಗಿ ಬರಿಯ ಅತಿಥಿಯಲ್ಲ, ಮಾಲೀಕಳು. ಆಕೆ ತನ್ನ ಪಾಲು ಬಿಡುತ್ತೇನೆ ಅಂದರೆ ಅದು ಆಕೆಯ ಮನಸ್ಸು, ತಿಳಿದು ಬಿಡಲಿ, ನೋಂದಣಿ ಕಚೇರಿಯಲ್ಲಿ ಬಿಡಲಿ. ರೊಟ್ಟಿ ತಟ್ಟೆಯ ಮುಂದೆ ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಣ್ಣಂದಿರಿಗೆ ಶೋಭೆಯಲ್ಲ.

ಮೂರು ತಾಲ್ಲೂಕಿನವರಿಗೆ ಇಷ್ಟು ಹೇಳಬಹುದು. ಬೀಳಗಿ ಕಡೆ ಹಿನ್ನೀರಿನ ದಂಡೆಯ ಹಳ್ಳಿಗಳವರಿಗೆ ಹೇಳುವುದು ಕಠಿಣ. ಅವರ ಮನೆಯ ಮೇಲೆ ಮಣ್ಣಷ್ಟೇ ಅಲ್ಲ, ಆಲಮಟ್ಟಿಯೂ ಕೂತಿದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಬ್ರಿಜೇಶಕುಮಾರ ಟ್ರಿಬ್ಯುನಲ್ ಒಪ್ಪಿತು. ಹದಿನೈದು ವರ್ಷ ಕಳೆದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂತ ನಿಕ್ಕಿ ಮಾಡಿತು. ಈ ಹದಿನೈದು ವರ್ಷದಲ್ಲಿ ಅಲ್ಲಿನ ಮಾಳಿಗೆಗಳು ಮಾತ್ರ ಟ್ರಿಬ್ಯುನಲ್ಲಿಗಾಗಿ ಕಾಯಲಿಲ್ಲ, ಪ್ರತಿ ಮಳೆಗಾಲಕ್ಕೂ ಸೋರಿದವು. ಇವತ್ತಲ್ಲ ನಾಳೆ ಬಿಟ್ಟು ಹೋಗುವ ಮನೆಗೆ ರೊಕ್ಕ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹಾಕದಿದ್ದರೆ ಇವತ್ತು ರಾತ್ರಿ ಎಲ್ಲಿ ಮಲಗುವುದು?

ಹಿಂದಿನ ಮುಳುಗಡೆಯಲ್ಲಿ ಬಾಗಲಕೋಟೆ ಕಡೆಯವರು ಮಾಡಿದ್ದನ್ನು ನೆನೆಯುವುದು ಒಳಿತು. ಸಾಗವಾನಿ ಬಾಗಿಲು, ಕಂಬ, ತೊಲಿ ಎಲ್ಲ ಗಾಡಿ ಏರಿ ಹೊಸ ಜಾಗಕ್ಕೆ ಹೋದವು. ಗಿಲಾಯ ಹೋಗಲಿಲ್ಲ, ನೆಲದ ಕಾಂಕ್ರೀಟು ಹೋಗಲಿಲ್ಲ. ಆದ್ದರಿಂದ ಹಿನ್ನೀರಿನ ದಂಡೆಯ ಮನೆಗೆ ಬಿಚ್ಚಿ ಒಯ್ಯಲು ಬರುವಂಥ ರಿಪೇರಿಯೇ ಸರಿ. ಸೋಲುವ ತೊಲಿಯ ಕೆಳಗೆ ಗರ್ಡರ್, ಸೋರುವ ಕೋಣಿಗೆ ಬೋಲ್ಟು ಹಾಕಿದ ಪತ್ರಾಸ್, ಹೊಸ ಚೌಕಟ್ಟು. ನಾಳೆ ನೀರು ಬಂದರೆ ಅವೂ ಗಾಡಿ ಹತ್ತುತ್ತವೆ. ಮಾಳಿಗೆಯ ಮಣ್ಣು ಇಳಿಸುವುದಕ್ಕಂತೂ ಯಾವ ಟ್ರಿಬ್ಯುನಲ್ಲಿನ ಅಪ್ಪಣೆಯೂ ಬೇಕಿಲ್ಲ.

ಸರಕಾರಕ್ಕೆ ಕೇಳುವುದು ಬಹಳಿಲ್ಲ. ಪೂರಾ ಬಿದ್ದ ಮೇಲೆ ಲಕ್ಷ ಲಕ್ಷ ಕೊಡುವ ಕೈ, ಬೀಳುವ ಮುಂಚೆ ಮೂವತ್ತು ನಲವತ್ತು ಸಾವಿರ ಕೊಟ್ಟರೆ ಬೊಕ್ಕಸಕ್ಕೇ ಉಳಿತಾಯ. ಪ್ರತಿ ವರ್ಷ ಮೇ ತಿಂಗಳಲ್ಲಿ ಪಂಚಾಯಿತಿ, ಮುನಸಿಪಾಲಿಟಿಯವರು ಓಣಿ ಓಣಿ ತಿರುಗಿ ಹೊಟ್ಟಿ ಬಿಟ್ಟ ಗೋಡೆ, ತುಂಡಾಗಲಿರುವ ತೊಲಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಎಮ್ಮೆಗೆ, ಬೋರಿಗೆ, ಲಗ್ನಕ್ಕೆ ಸಾಲ ಕೊಡುವ ಸೊಸಾಯಿಟಿಗಳು ತೊಲಿ ಬದಲಾಯಿಸುವುದಕ್ಕೂ ಒಂದು ಸಣ್ಣ ಸಾಲ ಇಟ್ಟರೆ ಬೋರಮಾಳಗಳು ಕೊರಳಲ್ಲೇ ಉಳಿದಾವು. ಆಗುವುದು ಆದಾಗ ಆಗಲಿ.

ಮಿರಗದ ಮಳೆ ಜೂನ್ ಮೊದಲ ವಾರ ದಾಟುತ್ತಲೇ ಹತ್ತುತ್ತದೆ. ಹೊಸದಾಗಿ ಬಡಿದ ಮಾಳಿಗೆ ಮಳೆ ಬೀಳುವ ಮುಂಚೆ ಹದಿನೈದು ದಿನವಾದರೂ ಬಿಸಿಲಿಗೆ ಒಣಗಬೇಕು. ತೊಲಿ ಏರಿಸಲು, ಗೋಡೆಗೆ ಸಳಿ ಕೂಡಿಸಲು ಇನ್ನೊಂದು ಹದಿನೈದು ದಿನ ಬೇಕು. ಇಚಲಕರಂಜಿಯ ತಮ್ಮನಿಗೂ ಮುಧೋಳದ ಭಾವನಿಗೂ ಫೋನು ಮಾಡುವುದಿದ್ದರೆ ಮೇ ಒಂದನೇ ತಾರೀಖಿನ ಒಳಗೇ ಮಾಡಬೇಕು. ಬರುವಾಗ ತಂಗಿಯನ್ನೂ ಕರಕೊಂಡು ಬಾ ಅಂತ ಹೇಳಿ, ಅಜ್ಜನ ಉತಾರ ಯಾವ ಪೆಟ್ಟಿಗೆಯಲ್ಲಿದೆ ಅಂತ ಅವ್ವನನ್ನು ಕೇಳಿ ಇಟ್ಟುಕೊಳ್ಳಬೇಕು.